44 ಗೋಲುಗಳ ಆಚೆಗೆ: ರೋಡಿಯಾನ್ ಕಮತಾರು ವೃತ್ತಿಜೀವನದ ಮರುಪರಿಶೀಲನೆ

ರುಮೇನಿಯಾದ ಸ್ಟ್ರೈಕರ್ ರೋಡಿಯಾನ್ ಕಮತಾರು ಅವರ ಹೆಸರು ಯುರೋಪಿನ ಫುಟ್‌ಬಾಲ್ ಚರಿತ್ರೆಯಲ್ಲಿ ಒಂದೇ ಸಂಖ್ಯೆಗೆ ಅಂಟಿಕೊಂಡಿದೆ. 1986–87ರ ಋತುವಿನಲ್ಲಿ ದಿನಾಮೊ ಬುಕಾರೆಸ್ಟ್ ಪರ ಅವರು 44 ಗೋಲು ಹೊಡೆದು, ಖಂಡದ ಅತಿ ಹೆಚ್ಚು ಗೋಲುಗಳಿಗೆ ಸಲ್ಲುವ ಗೋಲ್ಡನ್ ಬೂಟ್ ಗೆದ್ದರು. ಆಸ್ಟ್ರಿಯಾ ವಿಯೆನ್ನಾ ತಂಡದ ಟೋನಿ ಪೋಲ್ಸ್ಟರ್ 39 ಗೋಲುಗಳೊಂದಿಗೆ ಎರಡನೆಯ ಸ್ಥಾನಕ್ಕೆ ಇಳಿದರು. ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಉರುಳಿದ ಮರುವರ್ಷ, 1990ರಲ್ಲಿ, ಆ 44 ಗೋಲುಗಳ ಪ್ರಾಮಾಣಿಕತೆಯ ಮೇಲೆ ಸಂಶಯ ಎದ್ದಿದ್ದರಿಂದ, ಪ್ರಶಸ್ತಿ ನೀಡುತ್ತಿದ್ದ ‘ಫ್ರಾನ್ಸ್ ಫುಟ್‌ಬಾಲ್’ ಪತ್ರಿಕೆ ಪೋಲ್ಸ್ಟರ್ ಅವರಿಗೂ ಒಂದು ಗೋಲ್ಡನ್ ಬೂಟ್ ಕೊಟ್ಟಿತು. ಕಮತಾರು ಅವರ ಬೂಟು ಅವರ ಬಳಿಯೇ ಉಳಿಯಿತು. ಅಂದಿನಿಂದ ಅವರ ಕುರಿತ ಬರಹಗಳೆಲ್ಲ ಬಹುಮಟ್ಟಿಗೆ ಈ ಜಗಳದ ಬರಹಗಳೇ ಆಗಿವೆ. 44 ಎಂಬ ಅಂಕಿಯನ್ನು ಮುಖ್ಯವಾಗಿ ಅಂದಿನ ರುಮೇನಿಯಾ ಲೀಗಿನ ದಾಖಲೆಯೆಂದು ಓದಬೇಕು, ಆಟಗಾರನ ಅಳತೆಯನ್ನು ಬೇರೆಡೆ ಹುಡುಕಬೇಕು ಎಂಬುದು ಈ ಲೇಖನದ ನಿಲುವು.

ಮೊದಲು ಆ ಋತುವನ್ನೇ ಬಿಡಿಸಿ ನೋಡೋಣ. 18 ತಂಡಗಳ ಲೀಗಿನಲ್ಲಿ 34 ಸುತ್ತುಗಳು. ಸಂಶಯಕ್ಕೆ ಮೂಲವಾದದ್ದು ಕೊನೆಯ 6 ಪಂದ್ಯಗಳಲ್ಲಿ ಬಂದ 20 ಗೋಲುಗಳು. ಅಂದರೆ ಅದಕ್ಕೆ ಮುಂಚಿನ 28 ಸುತ್ತುಗಳಲ್ಲಿ ಅವರ ಗಳಿಕೆ 24. ಅದೇ ಗತಿಯಲ್ಲಿ ಸಾಗಿದ್ದರೆ ಋತುವಿನ ಕೊನೆಗೆ 29ರ ಆಸುಪಾಸು ತಲುಪುತ್ತಿದ್ದರು. ಹಿಂದಿನ ವರ್ಷ, 1985–86ರಲ್ಲಿ, ಸ್ಟೆಯಾವಾ ತಂಡದ ವಿಕ್ಟರ್ ಪಿತ್ಸುರ್ಕಾ ಪಟ್ಟಿಯ ತುದಿಗೇರಿದ್ದು ಸರಿಯಾಗಿ 29 ಗೋಲುಗಳಿಂದ. ಪಂದ್ಯಕ್ಕೆ ಒಂದು ಗೋಲೂ ಬೀಳದ ಗತಿಯಿಂದ ಪಂದ್ಯಕ್ಕೆ ಮೂರಕ್ಕಿಂತ ಹೆಚ್ಚಿನ ಗತಿಗೆ ಒಮ್ಮೆಲೇ ನೆಗೆದದ್ದನ್ನು ಲಯ ಸಿಕ್ಕಿತೆಂಬ ಮಾತಿನಿಂದ ವಿವರಿಸಲಾಗದು. ಎದುರಾಳಿ ರಕ್ಷಣಾ ಆಟಗಾರರು ದಾರಿ ಬಿಟ್ಟುಕೊಟ್ಟರು ಎಂಬ ಆರೋಪ ಹುಟ್ಟಿದ್ದು ಇಲ್ಲಿಯೇ.

ಆದರೆ ಈ ಆರೋಪದ ತೂಕ ಯಾರ ಮೇಲೆ ಬೀಳಬೇಕು? ಆಗ ದಿನಾಮೊ ಒಳಾಡಳಿತ ಸಚಿವಾಲಯದ ತಂಡವಾಗಿತ್ತು, ಸ್ಟೆಯಾವಾ ಸೇನೆಯ ತಂಡವಾಗಿತ್ತು. ರುಮೇನಿಯಾಕ್ಕೆ ಬಂದ ಗೋಲ್ಡನ್ ಬೂಟುಗಳು ಒಟ್ಟು ನಾಲ್ಕು: ದುದು ಜಾರ್ಜೆಸ್ಕು ಅವರಿಗೆ 1975 ಮತ್ತು 1977ರಲ್ಲಿ (33 ಮತ್ತು 47 ಗೋಲು), ಕಮತಾರು ಅವರಿಗೆ 1987ರಲ್ಲಿ, ದೋರಿನ್ ಮತೆಉತ್ಸ್ ಅವರಿಗೆ 1989ರಲ್ಲಿ. ನಾಲ್ಕೂ ದಿನಾಮೊ ಆಟಗಾರರ ಪಾಲಾದವು. ಮತೆಉತ್ಸ್ ಅಂತೂ ಸ್ಟ್ರೈಕರ್ ಅಲ್ಲವೇ ಅಲ್ಲ, ಮಿಡ್‌ಫೀಲ್ಡರ್. ಆದರೂ 43 ಗೋಲು. ಲೀಗಿನ ಅಗ್ರ ಗೋಲುಗಳಿಕೆಯನ್ನು 1985–86ರಿಂದ ವರ್ಷವಾರು ಇಟ್ಟರೆ 29, 44, 34, 43, ಅದರ ಮುಂದಿನ 1989–90ರಲ್ಲಿ 19. ಈ ಕೊನೆಯ ಕುಸಿತವನ್ನು ಎಚ್ಚರದಿಂದ ಓದಬೇಕು. ಡಿಸೆಂಬರ್ 1989ರ ಕ್ರಾಂತಿ ಋತುವಿನ ನಡುವೆಯೇ ಬಂತು, ಅನೇಕ ಆಟಗಾರರು ಹೊರದೇಶಕ್ಕೆ ಹೊರಟರು. ಹಾಗಿದ್ದರೂ ಇಂಥ ಏರಿಳಿತ ಒಬ್ಬ ಸ್ಟ್ರೈಕರ್‌ನ ಕಾಲಿನಿಂದ ಆಗುವಂಥದಲ್ಲ. 1987ರ ಚರ್ಚೆ ಕಮತಾರು ಎಂಬ ವ್ಯಕ್ತಿಯ ಸುತ್ತಲೇ ಸುತ್ತಿದ್ದು ಅನ್ಯಾಯ ಎನ್ನುವುದಕ್ಕೆ ನನಗೆ ಇದೇ ದೊಡ್ಡ ಆಧಾರ.

ಲೀಗೇ ದುರ್ಬಲವಾಗಿತ್ತು ಎಂಬ ವಾದವೂ ನಿಲ್ಲುವುದಿಲ್ಲ. 1986ರ ಮೇ 7ರಂದು ಸೆವಿಯ್ಯಾದಲ್ಲಿ ಬಾರ್ಸಿಲೋನಾವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಯುರೋಪಿಯನ್ ಕಪ್ ಎತ್ತಿದ್ದು ಇದೇ ಲೀಗಿನ ಸ್ಟೆಯಾವಾ. 1991ರಿಂದ ನಿಂತುಹೋಗಿದ್ದ ಗೋಲ್ಡನ್ ಬೂಟ್ 1996–97ರಲ್ಲಿ ಮರಳಿದಾಗ, ಬಲಾಢ್ಯ ಲೀಗಿನ ಗೋಲಿಗೆ 2 ಅಂಕ, ಮಧ್ಯಮ ಲೀಗಿಗೆ 1.5, ಉಳಿದವಕ್ಕೆ 1 ಎಂಬ ಲೆಕ್ಕ ಬಂತು. ಮಧ್ಯಮ ದರ್ಜೆಯ ಲೆಕ್ಕದಲ್ಲೂ 44 ಗೋಲಿಗೆ 66 ಅಂಕ. ಅದನ್ನು ಮೀರಲು ಬಲಾಢ್ಯ ಲೀಗಿನವರಿಗೆ 34 ಗೋಲು ಬೇಕು. ಈ ಸೂತ್ರ ಲೀಗಿನ ಬಲವನ್ನು ಅಳೆಯುತ್ತದೆ. ಪಂದ್ಯದ ಪ್ರಾಮಾಣಿಕತೆ ಅದರ ಕೈಗೆ ಸಿಗುವುದಿಲ್ಲ.

ಇನ್ನು ಆಟಗಾರನ ಅಳತೆ. 1958ರಲ್ಲಿ ಸ್ಟ್ರೆಹಾಯಾದಲ್ಲಿ ಹುಟ್ಟಿದ ಕಮತಾರು ಬೆಳೆದದ್ದು, ಹೆಸರು ಮಾಡಿದ್ದು ಒಲ್ಟೇನಿಯಾ ಪ್ರಾಂತ್ಯದ ಯೂನಿವರ್ಸಿತಾತೆಯಾ ಕ್ರಾಯೋವಾ ತಂಡದಲ್ಲಿ. ರಾಜಧಾನಿಯ ಸೇನೆ, ಪೊಲೀಸ್ ತಂಡಗಳ ಎದುರು ನಿಂತ ವಿಶ್ವವಿದ್ಯಾಲಯ ನಗರದ ತಂಡವದು. 1980 ಮತ್ತು 1981ರಲ್ಲಿ ಅದು ಸತತವಾಗಿ ಲೀಗ್ ಗೆದ್ದಿತು. ಇಲಿಯೆ ಬಲಾಚ್ ಚೆಂಡನ್ನು ಹಂಚುತ್ತಿದ್ದರು, ಎತ್ತರದ ಗಟ್ಟಿ ಮೈಕಟ್ಟಿನ ಕಮತಾರು ಪೆನಾಲ್ಟಿ ಬಾಕ್ಸಿನಲ್ಲಿ ಕಾದು ನಿಲ್ಲುತ್ತಿದ್ದರು.

1982–83ರ ಯುಇಎಫ್‌ಎ ಕಪ್ ಈ ತಂಡದ ನಿಜವಾದ ಒರೆಗಲ್ಲು. ಫಿಯೊರೆಂಟಿನಾ, ಶ್ಯಾಮ್‌ರಾಕ್ ರೋವರ್ಸ್, ಬೋರ್ಡೊ ತಂಡಗಳನ್ನು ದಾಟಿ ಕ್ರಾಯೋವಾ ಕ್ವಾರ್ಟರ್‌ಫೈನಲ್‌ಗೆ ಬಂದಾಗ ಎದುರಾದದ್ದು ಪಶ್ಚಿಮ ಜರ್ಮನಿಯ ಕೈಸರ್ಸ್‌ಲೌಟರ್ನ್. ಅಲ್ಲಿ 2–3ರ ಸೋಲು, ತವರಿನಲ್ಲಿ 1–0 ಗೆಲುವು. ಒಟ್ಟು ಸಮವಾದರೂ ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ನಿಯಮ ಕ್ರಾಯೋವಾಗೆ ವರವಾಯಿತು. ಸೆಮಿಫೈನಲ್‌ನಲ್ಲಿ ಬೆನ್‌ಫಿಕಾ ವಿರುದ್ಧ ಲಿಸ್ಬನ್‌ನಲ್ಲಿ 0–0, ಕ್ರಾಯೋವಾದಲ್ಲಿ 1–1. ಅದೇ ನಿಯಮ ಈ ಬಾರಿ ಅವರನ್ನು ಹೊರದಬ್ಬಿತು. ಈ ಸ್ಪರ್ಧೆಯ ಸೆಮಿಫೈನಲ್ ತಲುಪಿದ ಮೊದಲ ರುಮೇನಿಯಾ ತಂಡ ಇದು. ಇಟಲಿ, ಫ್ರಾನ್ಸ್, ಜರ್ಮನಿಯ ಡಿಫೆಂಡರ್‌ಗಳಿಗೆ ಬುಕಾರೆಸ್ಟ್‌ನಿಂದ ಯಾರೂ ಸೂಚನೆ ಕೊಡುವಂತಿರಲಿಲ್ಲ. 1984ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ರುಮೇನಿಯಾ ಪರ ಆಡಿದ್ದು ಇದೇ ಕ್ರಾಯೋವಾದ ಕಮತಾರು. ದಿನಾಮೊ ಇನ್ನೂ ಎರಡು ವರ್ಷ ದೂರವಿತ್ತು.

ರುಮೇನಿಯಾ ಲೀಗಿನಲ್ಲಿ ಅವರ ಒಟ್ಟು ಗೋಲುಗಳು 198. ಅವರು ಆಟ ನಿಲ್ಲಿಸಿದಾಗ ಅದು ಜಾರ್ಜೆಸ್ಕು ಅವರ 252ರ ನಂತರದ ಸ್ಥಾನದಲ್ಲಿತ್ತು. ವಿವಾದದ 20ನ್ನು ಕಳೆದರೆ 178 ಉಳಿಯುತ್ತದೆ. ಕಠೋರವಾಗಿ ಇಡೀ 44ನ್ನೇ ಅಳಿಸಿದರೂ 154. ಬಹುತೇಕ ಸ್ಟ್ರೈಕರ್‌ಗಳಿಗೆ ಅದಷ್ಟೇ ಒಂದು ಜೀವಮಾನದ ಗಳಿಕೆ.

1989ರಲ್ಲಿ ಅವರು ಬೆಲ್ಜಿಯಂನ ಶಾರ್ಲೆರುವಾ ಸೇರಿದರು. ಮರುವರ್ಷ ನೆದರ್ಲೆಂಡ್ಸ್‌ನ ಹೀರೆನ್‌ವೀನ್‌ಗೆ ಹೋದರು, ಮೂವತ್ತು ದಾಟಿದ ವಯಸ್ಸಿನಲ್ಲಿ. ಆ ತಂಡ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಡಚ್ ಅಗ್ರ ಲೀಗಿಗೆ ಕಾಲಿಟ್ಟ ವರ್ಷವದು. 1991ರಲ್ಲಿ ತಂಡ ಕೆಳ ದರ್ಜೆಗೆ ಜಾರಿದಾಗಲೂ ಕಮತಾರು ಅಲ್ಲಿಯೇ ಉಳಿದರು. 1993ರಲ್ಲಿ ಹೀರೆನ್‌ವೀನ್ ಅಗ್ರ ಲೀಗಿಗೆ ಮರಳುವ ಹಕ್ಕು ಗಳಿಸಿತು. ಅದೇ ವರ್ಷ ಅವರು ಆಟದಿಂದ ನಿವೃತ್ತರಾದರು.