ಕೋವಿಯ ಅಳತೆ

(ಬಾನುಲಿ ಭಾಷಣ)

ನನ್ನ ಬರೆಯುವ ಮೇಜಿನ ಮೇಲೆ ಅಂಗೈಯಗಲದ ಹಲಸಿನ ಮರದ ತುಂಡೊಂದಿದೆ. ಅದರ ನಡುವೆ ಕೊರೆದ ಗುಳಿಯಲ್ಲಿ ಹಿತ್ತಾಳೆಯ ಕೊಳವೆಯೊಂದು ನೆಟ್ಟಗೆ ನಿಂತಿದೆ. ನಮ್ಮಜ್ಜ ಅದರೊಳಗೆ ತಮ್ಮ ಲೇಖನಿಯನ್ನು ನಿಲ್ಲಿಸುತ್ತಿದ್ದರು. ಅವರು ಮಂಜರಾಬಾದಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರು. ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ, ನಾನು ಆ ಕೊಳವೆಯನ್ನು ಮರದಿಂದ ಕಿತ್ತು ತಿರುಗಿಸಿ ನೋಡಿದೆ. ಬುಡದಲ್ಲಿ ವರ್ತುಲವಾಗಿ ಇಂಗ್ಲಿಷಿನಲ್ಲಿ ‘ಕೈನೋಕ್’ ಎಂದು ಒತ್ತಿತ್ತು, ಅದರ ಕೆಳಗೆ.470 ಎಂಬ ಅಂಕಿ. ಅದು ಹಾರಿಸಿ ಮುಗಿದ ತೋಟಾ ಎಂದು ಅಜ್ಜ ಆಮೇಲೆ ತಿಳಿಸಿದರು. ಅಂಕಿ ಕೋವಿಯ ನಳಿಗೆಯ ಬಾಯಳತೆಯಂತೆ, ಅಂಗುಲದ ಸಾವಿರ ಭಾಗದಲ್ಲಿ ನಾನೂರ ಎಪ್ಪತ್ತು ಭಾಗ. ನಾನು ಕೇಳಿದೆ: “ನಾನೂರ ಐವತ್ತು ಅಂತಲೋ ಐನೂರು ಅಂತಲೋ ಇಡದೆ ಇದೇನಜ್ಜ ಈ ನಾನೂರ ಎಪ್ಪತ್ತು?” ಅಜ್ಜ ನಕ್ಕು, “ದೊರೆಗಳ ಲೆಕ್ಕ ದೊರೆಗಳಿಗೇ ಗೊತ್ತು” ಎಂದರು.

ಆ ಲೆಕ್ಕ ನನಗೆ ತಿಳಿಯಲು ಬಹುಕಾಲ ಹಿಡಿಯಿತು. ನಾನು ಬೇಟೆಗಾರನಲ್ಲ, ಗುರಿಯಿಟ್ಟು ಕೋವಿ ಹಾರಿಸಿದವನೂ ಅಲ್ಲ. ಆದರೆ ಚರಿತ್ರೆಯನ್ನು ಓದುವವನಿಗೆ ಕೆಲವೊಮ್ಮೆ ಒಂದು ಶಾಸನಕ್ಕಿಂತ ಒಂದು ತೋಟಾದ ಬುಡ ಹೆಚ್ಚು ಮಾತಾಡೀತು. ಜಿಂಕೆಗೆ ಯಾವ ಕೋವಿ, ಕಾಟಿಗೆ ಯಾವ ಕೋವಿ, ಹುಲಿಗೆ ಯಾವುದು, ಆನೆಗೆ ಯಾವುದು ಎಂಬ ಚರ್ಚೆ ಸುಮಾರು ನೂರು ವರ್ಷ ಕಾಲ ಬಿಳಿಯ ಬೇಟೆಗಾರರ ನಡುವೆ ಬಿಸಿಬಿಸಿಯಾಗಿ ನಡೆಯಿತು. ನಮ್ಮ ದ್ವೈತಾದ್ವೈತ ವಾದಗಳಿಗೆ ಅದು ಬಿರುಸಿನಲ್ಲಿ ಏನೂ ಕಡಮೆಯಲ್ಲ.

ಮೊದಲು ಕರಿಮದ್ದಿನ ಕಾಲವನ್ನು ನೆನೆಯಬೇಕು. ನಮ್ಮ ಮಲೆನಾಡಿನ ಕೇಪಿನ ಕೋವಿಗೆ ತುಂಬುತ್ತಿದ್ದುದು ಅದೇ ಮದ್ದು. ಅದಕ್ಕೊಂದು ಮಿತಿ ಉಂಟು: ಎಷ್ಟು ತುಂಬಿದರೂ ಗುಂಡಿನ ವೇಗ ಒಂದು ಹದದಿಂದ ಆಚೆಗೆ ಏರದು. ವೇಗ ಏರದಿದ್ದರೆ ಪೆಟ್ಟನ್ನು ಹೆಚ್ಚಿಸಲು ಉಳಿದ ದಾರಿ ಒಂದೇ, ಗುಂಡಿನ ತೂಕವನ್ನು ಏರಿಸುವುದು. ಆ ಕಾಲದವರು ಕೋವಿಯನ್ನು ಅಂಗುಲದಲ್ಲಿ ಅಳೆಯುತ್ತಿರಲಿಲ್ಲ. ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಹೊಂದುವ ಎಷ್ಟು ಉಂಡೆಗಳಾಗುತ್ತವೆ ಎಂದು ಎಣಿಸುತ್ತಿದ್ದರು. ಹನ್ನೆರಡು ಉಂಡೆಗಳಾದರೆ ಹನ್ನೆರಡರ ಬೋರು. ಇಂದಿಗೂ ನಮ್ಮ ಊರುಗಳ ತೋಟಾ ಕೋವಿಗೆ ಉಳಿದಿರುವ ಹೆಸರು ಅದೇ. ಎಂಟರ ಬೋರಿನ ಗುಂಡು ಸುಮಾರು 57 ಗ್ರಾಂ ತೂಗುತ್ತದೆ, ನಾಲ್ಕರದು ಸುಮಾರು 113 ಗ್ರಾಂ. ಅಂಕಿ ಇಳಿದಷ್ಟೂ ಕೋವಿ ದೊಡ್ಡದು. ಸಿಂಹಳದಲ್ಲಿ ಆನೆ ಹೊಡೆದು ಆಮೇಲೆ ನೈಲ್ ನದಿಯ ಮೂಲವನ್ನರಸಿ ಹೋದ ಸ್ಯಾಮ್ಯುಯೆಲ್ ಬೇಕರನ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ಕೋವಿಯೊಂದಿತ್ತು. ಅದಕ್ಕೆ ಅವನಿಟ್ಟ ಹೆಸರು ‘ಬೇಬಿ’, ಎಂದರೆ ಕೂಸು. ಆ ಕೂಸು ಗುಂಡು ಹಾರಿಸಿದಾಗಲೆಲ್ಲ ದೃಢಕಾಯನಾದ ಬೇಕರನನ್ನೇ ಬುಗುರಿಯಂತೆ ತಿರುಗಿಸಿಬಿಡುತ್ತಿತ್ತಂತೆ. ಅವನೇ ಅದಕ್ಕೆ ಹೆದರುತ್ತಿದ್ದನೆಂಬುದನ್ನು ಮುಚ್ಚಿಟ್ಟಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ಈ ಭಾರಿ ಕೋವಿಗಳ ಕಾಲವನ್ನು ಕಾಣಬೇಕಾದರೆ ಜಿ. ಪಿ. ಸ್ಯಾಂಡರ್‌ಸನ್ನನ ಪುಸ್ತಕವನ್ನು ತೆರೆಯಬೇಕು. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳನ್ನು ಕುರಿತ ಅದು 1878ರಲ್ಲಿ ಅಚ್ಚಾಯಿತು. ಕನ್ನಡ ಕಲಿತು ನೀರಾವರಿ ಇಲಾಖೆಗೆ ಸೇರಿ, ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಹೂಡಿ ಆನೆ ಹಿಡಿದವನು ಅವನು. ಕಾಟಿಗೂ ಆನೆಗೂ ಅವನು ನೆಚ್ಚಿಕೊಂಡದ್ದು ನಾಲ್ಕರ ಮತ್ತು ಎಂಟರ ಬೋರುಗಳನ್ನು. ನಾಲ್ಕರ ಬೋರಿನ ಕೋವಿ ಎಂಟೊಂಬತ್ತು ಸೇರಿನಷ್ಟು ಭಾರ. ಹೊರಲು ಆಳು ಬೇಕು, ಹಾರಿಸಿದೊಡನೆ ಕಣ್ಣೆದುರಿಗೆ ಹೊಗೆಯ ಗೋಡೆ. ಮೃಗ ಬಿದ್ದಿತೋ ಮೇಲೆಯೇ ಬರುತ್ತಿದೆಯೋ ಎಂಬುದು ಆ ಹೊಗೆಯ ಆಚೆ ಇರುವ ಸಂಗತಿ. ಮೆತ್ತಗಿನ ಸೀಸ ದಪ್ಪ ಮೂಳೆಗೆ ತಾಗಿ ಅಪ್ಪಚ್ಚಿಯಾಗದಿರಲೆಂದು ಅದಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿ ಮಾಡುತ್ತಿದ್ದರು.

ಇದರ ನಡುವೆಯೇ ಇನ್ನೊಂದು ಪಂಥ ಹುಟ್ಟಿತು. ಗುಂಡನ್ನು ಹಗುರ ಮಾಡಿ, ಮದ್ದನ್ನು ಹೆಚ್ಚು ಮಾಡಿದರೆ ಅದು ನೇರವಾಗಿ, ಬೇಗ ಹೋಗುತ್ತದೆ. 1856ರ ವೇಳೆಗೆ ಲಂಡನ್ನಿನ ಪರ್ಡಿ ಇಂಥ ಕೋವಿಗೆ ‘ಎಕ್ಸ್‌ಪ್ರೆಸ್ ಟ್ರೈನ್’ ಎಂದು ಹೆಸರಿಟ್ಟ. ರೈಲು ಹೊಸದಾಗಿದ್ದ ಕಾಲ. ಹೆಸರು ನಾಲಗೆಗೆ ಹತ್ತಿತು. ಟ್ರೈನ್ ಬಿದ್ದುಹೋಗಿ ಎಕ್ಸ್‌ಪ್ರೆಸ್ ಮಾತ್ರ ಉಳಿಯಿತು. ಸಾರಗ, ಹುಲ್ಲೆಗಳಂಥ ಹಗುರ ಮೈಯ ಪ್ರಾಣಿಗಳಿಗೆ ಈ ಟೊಳ್ಳು ಮೂತಿಯ ಗುಂಡು ಹೇಳಿ ಮಾಡಿಸಿದಂತಿತ್ತು: ತಾಗಿದೊಡನೆ ಅರಳಿ ಪ್ರಾಣಿಯನ್ನು ನಿಂತಲ್ಲೇ ಕೆಡವುತ್ತಿತ್ತು. ಅದೇ ಗುಂಡನ್ನು ಹುಲಿಯ ಭುಜಕ್ಕೆ ಹೊಡೆದವರು ಮಾತ್ರ ಕೆಟ್ಟರು. ಗುಂಡು ಚರ್ಮದಡಿಯಲ್ಲೇ ಪುಡಿಯಾಗಿ ಅಗಲವಾದ, ಆಳವಿಲ್ಲದ ಗಾಯ ಮಾಡುತ್ತಿತ್ತು. ಹುಲಿ ಸಾಯುವ ಮೊದಲು ಹೊಡೆದವನ ಮೇಲೆ ಬೀಳಲು ಬೇಕಾದಷ್ಟು ಸಮಯ ಉಳಿಯುತ್ತಿತ್ತು. ಹುಲಿಗೆ ಟೊಳ್ಳು ಗುಂಡು ಬೇಡ, ಗಟ್ಟಿ ಸೀಸವೇ ಇರಲಿ ಎಂದು ಬೇಕರ್ ಮುಪ್ಪಿನಲ್ಲೂ ವಾದಿಸುತ್ತಿದ್ದ. ಕೋವಿಯ ಬಾಯಳತೆ ಒಂದು, ಗುಂಡಿನ ಕಟ್ಟು ಇನ್ನೊಂದು ಎಂಬ ವಿವೇಕ ಅಂದೇ ಕೆಲವರಿಗೆ ಮೂಡಿತ್ತು. ಮೂಡಿದ್ದು ಎಲ್ಲರಿಗೂ ಉಳಿಯಲಿಲ್ಲ ಎನ್ನುವುದಕ್ಕೆ ನನ್ನ ಮೇಜಿನ ಮೇಲಿನ ಕೊಳವೆಯೇ ಸಾಕ್ಷಿ, ಅಲ್ಲಿಗೆ ಬರುತ್ತೇನೆ.

ಹೊಗೆಯಿಲ್ಲದ ಮದ್ದು ಬಂದದ್ದು ದೊಡ್ಡ ಪಲ್ಲಟ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅದನ್ನು ಸಾಧಿಸಿದ. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂತು. 1898ರಲ್ಲಿ ಜಾನ್ ರಿಗ್ಬಿ ಈ ಮದ್ದನ್ನು ತುಂಬಿದ .450 ಅಳತೆಯ ಬೇಟೆಯ ತೋಟಾವನ್ನು ಹೊರತಂದ. 31 ಗ್ರಾಮಿನ ಗುಂಡು, ಸೆಕೆಂಡಿಗೆ ಸುಮಾರು 655 ಮೀಟರು ವೇಗ. ಗುಂಡಿಗೆ ತಾಮ್ರ ಬೆರೆತ ಲೋಹದ ಇಲ್ಲವೆ ಉಕ್ಕಿನ ಹೊದಿಕೆ. ಒಬ್ಬ ಮನುಷ್ಯ ತಾನೇ ಹೊರಬಹುದಾದ ಜೋಡುನಳಿಗೆಯ ಕೋವಿ, ನಾಲ್ಕರ ಬೋರು ಮಾಡುತ್ತಿದ್ದ ಕೆಲಸವನ್ನು ಹೊಗೆಯಿಲ್ಲದೆ ಮಾಡತೊಡಗಿತು. ಭಾರತದ ಮತ್ತು ಆಫ್ರಿಕದ ಬೇಟೆಗಾರರಿಗೆ ಇನ್ನೇನು ಬೇಕು? .450 ಎಂಬುದು ಭಾರಿ ಮೃಗದ ಅಳತೆಯೆಂದು ಹೆಚ್ಚುಕಡಮೆ ಇತ್ಯರ್ಥವಾಗಿಹೋಯಿತು.

ಇತ್ಯರ್ಥ ಬಹಳ ದಿನ ನಿಲ್ಲಲಿಲ್ಲ. ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಇಲ್ಲಿದೆ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಅಳತೆಯೂ .450 ಆಗಿತ್ತು. ಸೈನ್ಯಕ್ಕೆ ಹೊಸ ಬಂದೂಕು ಬಂದಮೇಲೆ ಹಳೆಯವು ಕಳವಾಗಿ, ಕೈಬದಲಾಗಿ, ವಾಯವ್ಯ ಸರಹದ್ದಿನ ಪಠಾಣರ ಹೆಗಲೇರಿದವು. ಅಲ್ಲಿನ ಕಮ್ಮಾರರು ನಕಲುಗಳನ್ನೂ ಮಾಡಿದರು. ಬಂದೂಕು ಇದ್ದರೂ ಮದ್ದುಗುಂಡಿಗೆ ಬರ. ಬೇಟೆಯ ತೋಟಾ ಆ ಬಂದೂಕಿಗೆ ಹಾಗೇ ಹೊಂದುವಂಥದಲ್ಲ. ಆದರೆ ಅದರ ಗುಂಡನ್ನು ಕಿತ್ತು ಬೇರೆ ತೋಟಾಕ್ಕೆ ತುಂಬಬಹುದಲ್ಲ? ಸರ್ಕಾರಕ್ಕೆ ಈ ಭಯ ಹತ್ತಿತು. 1907ರಲ್ಲಿ .450 ಅಳತೆಯ ಕೋವಿ ಮತ್ತು ತೋಟಾಗಳನ್ನು ಭಾರತಕ್ಕೆ ತರಕೂಡದೆಂದು ನಿಷೇಧ ಬಂತು. ಸೂಡಾನಿನಲ್ಲೂ ಅಂಥದೇ ನಿಷೇಧ.

ಇಂಗ್ಲೆಂಡಿನ ಕೋವಿ ತಯಾರಕರು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ನಿಷೇಧವಾದದ್ದು .450 ತಾನೆ? ಹಾಲೆಂಡ್ ಕಂಪೆನಿ .465 ತಂದಿತು. ವೆಸ್ಟ್ಲಿ ರಿಚರ್ಡ್ಸ್ .476 ತಂದಿತು. ಇನ್ನೊಬ್ಬರದು .475. ಜೋಸೆಫ್ ಲ್ಯಾಂಗ್ ರೂಪಿಸಿದ್ದು .470, ಅದನ್ನು ಬೇರೆ ತಯಾರಕರೂ ಬಳಸಿಕೊಂಡುದರಿಂದ ಅದೇ ಎಲ್ಲಕ್ಕಿಂತ ಹೆಚ್ಚು ಹರಡಿತು. ಈ ಎಲ್ಲವುಗಳ ಬಲದಲ್ಲಿ .450ಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಇಂದಿಗೂ ಆಫ್ರಿಕದಲ್ಲಿ ಆನೆ, ಕಾಡೆಮ್ಮೆಗಳ ಮುಂದೆ ನಿಲ್ಲುವ ಬೇಟೆಯ ಮಾರ್ಗದರ್ಶಿ .470 ಜೋಡುನಳಿಗೆಯನ್ನು ಹಿಡಿದಿದ್ದರೆ, ಅದು ಅದರ ಸಾಮರ್ಥ್ಯಕ್ಕಷ್ಟೇ ಅಲ್ಲ, ಪೇಶಾವರದ ಆಚೆಯ ಗುಡ್ಡಗಳಲ್ಲಿ ಸರ್ಕಾರಕ್ಕೆ ನಿದ್ದೆಗೆಡಿಸಿದ ಪಠಾಣನಿಗೂ ಸಲ್ಲಬೇಕಾದ ಗೌರವ. ಇದೇ ಭಯದ ಇನ್ನೊಂದು ಕುಡಿ ನಮ್ಮಲ್ಲೇ ಉಳಿದಿದೆ. ಸೈನ್ಯದ .303 ಅಳತೆ ನಾಗರಿಕರ ಕೈಗೆ ಸಿಗಬಾರದೆಂದು ಬೇಟೆಗೆ .315 ಎಂಬ ಬೇರೆ ಅಳತೆಯನ್ನು ಬಳಕೆಗೆ ತಂದರು. ಬ್ರಿಟಿಷರು ಹೋದರು, ಅಳತೆ ಹೋಗಲಿಲ್ಲ. ಸ್ವತಂತ್ರ ಭಾರತದಲ್ಲಿ ಇಷಾಪುರದ ಕಾರ್ಖಾನೆ ಪರವಾನಗಿದಾರರಿಗಾಗಿ.315 ರೈಫಲನ್ನೇ ಮಾಡಿತು.

ಹೀಗೆ ಭಾರಿ ಕೋವಿಗಳು ವಂಶಾಭಿವೃದ್ಧಿ ಹೊಂದುತ್ತಿದ್ದಾಗ, ಹಗುರ ಕೋವಿಯ ಪಕ್ಷಕ್ಕೆ ಪ್ರಚಂಡನಾದ ಒಬ್ಬ ವಕೀಲ ಸಿಕ್ಕಿದ. ಕ್ಯಾರಮೋಜೊ ಬೆಲ್ ಎಂದು ಹೆಸರಾದ ಸ್ಕಾಟ್‌ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲನ್ನು ಕೊಂದದ್ದು.275 ಅಳತೆಯ, ಜಿಂಕೆಗೆ ತಕ್ಕದ್ದೆನಿಸುವ ಸಣ್ಣ ಕೋವಿಯಿಂದ. ಅಷ್ಟು ಆನೆಗಳ ಲೆಕ್ಕವನ್ನು ಕೇಳಿ ಇಂದು ನಮಗೆ ಮೈ ಜುಮ್ಮೆನ್ನುತ್ತದೆ, ಅಂದಿನವರು ಬೆರಗಾದರು. ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು ಮಿದುಳು ಎಲ್ಲಿದೆ ಎಂದು ಕಂಡುಕೊಂಡಿದ್ದ. ಅರಳದೆ ನೆಟ್ಟಗೆ ತೂರಿಹೋಗುವ ಪೂರ್ತಿ ಹೊದಿಕೆಯ ಗುಂಡನ್ನೇ ಬಳಸಿದ. ಈ ಎರಡು ಮಾತನ್ನು ಬಿಟ್ಟು ಅಳತೆಯೊಂದನ್ನೇ ಅನುಕರಿಸಿದವರು ಪಟ್ಟ ಪಾಡು ಬೇರೆ.

ಇದಕ್ಕೆ ಪ್ರತಿವಾದವಾಗಿ ಜಾನ್ ಟೇಲರ್ ಎಂಬ ಇನ್ನೊಬ್ಬ ಆನೆ ಬೇಟೆಗಾರ 1948ರ ತನ್ನ ಪುಸ್ತಕದಲ್ಲಿ ಒಂದು ಸೂತ್ರವನ್ನೇ ಹೊಸೆದ: ಗುಂಡಿನ ತೂಕ, ವೇಗ, ಅಗಲ ಮೂರನ್ನೂ ಗುಣಿಸಿದರೆ ಮೃಗವನ್ನು ತತ್ತರಿಸುವಂತೆ ಮಾಡುವ ಶಕ್ತಿ ಸಿಗುತ್ತದೆಯಂತೆ. ಆ ಲೆಕ್ಕದಲ್ಲಿ .470ಕ್ಕೆ ಎಪ್ಪತ್ತರ ಮೇಲೆ ಅಂಕ, ಬೆಲ್ಲನ ಕೋವಿಗೆ ಹದಿನಾರು. ಭೌತವಿಜ್ಞಾನಿಗಳು ಈ ಸೂತ್ರವನ್ನು ಗಣ್ಯ ಮಾಡುವುದಿಲ್ಲ. ಆದರೆ ಗುಂಡು ಮಿದುಳನ್ನು ಒಂದು ಅಂಗುಲ ತಪ್ಪಿದಾಗ ಎದುರಿಗಿರುವ ಆನೆ ಕೆಡೆಯುತ್ತದೆಯೆ, ಇಲ್ಲವೆ ಎಂಬ ಪ್ರಶ್ನೆ ಟೇಲರನದು. ಆ ಜಾಗದಲ್ಲಿ ನಿಂತವನಿಗೆ ಭೌತವಿಜ್ಞಾನ ನೆನಪಿಗೆ ಬರುವುದು ಕಷ್ಟ.

ನಮಗೆ ಹತ್ತಿರದವರು ಈ ಜಗಳದಲ್ಲಿ ಮಧ್ಯಮ ಮಾರ್ಗಿಗಳು. ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಎದುರಿಸಿದ್ದು .500 ಅಳತೆಯ ಕೋವಿಯಿಂದ; ತಂದಿದ್ದ ತೋಟಾ ಮುಗಿದುಹೋಗಿ, ಕಡೆಗೆ ತಹಸೀಲ್ದಾರನ ಹಳೆಯ ಕೋವಿಯನ್ನು ಇಸಿದುಕೊಳ್ಳಲು ಓಡಬೇಕಾಯಿತು. ಆ ಸಾಹಸಕ್ಕೆ ಕಾಣಿಕೆಯಾಗಿ ಅವನಿಗೆ ಬಂದದ್ದು .275 ರಿಗ್ಬಿ. ಹಗುರವಾದ ಅದನ್ನು ಅವನು ಬಹಳ ಮೆಚ್ಚಿದ್ದ, ಆದರೆ ಹುಲಿಗಾಗಿ.400ರ ಜೋಡುನಳಿಗೆಯನ್ನೂ ಇಟ್ಟುಕೊಂಡಿದ್ದ. ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಕೈಯಲ್ಲಿದ್ದುದು ಅಮೆರಿಕದ ವಿಂಚೆಸ್ಟರ್ ಕಂಪೆನಿಯ .405. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳನ್ನು ಓದಿದವರಿಗೆ ಆ ಕೋವಿ ಅಪರಿಚಿತವಲ್ಲ.

ಈಗ ಅಜ್ಜನ ಕೊಳವೆಗೆ ಬರುತ್ತೇನೆ. 1920ರ ದಶಕದ ಕೊನೆಯ ವರ್ಷಗಳು. ತೋಟದ ದೊರೆಯ ಮನೆಗೆ ಅತಿಥಿಯೊಬ್ಬ ಬಂದಿದ್ದನಂತೆ. ಅವನ ಬಳಿ ತೆಳ್ಳನೆಯ, ಹೊಸ, ಚೆಂದದ ಕೋವಿ. ಮೊದಲ ದಿನ ಒಂದೇ ಈಡಿಗೆ ಕೊಂಬಿನ ಕಡವೆಯೊಂದನ್ನು ಕೆಡವಿದ. ಕಡವೆಯೆಂದರೂ ಇನ್ನೂರೈವತ್ತು ಕಿಲೋ ತೂಗುವ ಮೃಗ. ಅತಿಥಿಗೆ ಧೈರ್ಯ ಬಂತು. ಮರುದಿನ ಕಾಟಿ ಹೊಡೆಯುತ್ತೇನೆಂದು ಹೊರಟ. ದೊರೆ ತನ್ನ ಭಾರಿ ಕೋವಿಯನ್ನು ಒಯ್ಯೆಂದರೆ, ಇಷ್ಟು ಭಾರ ಹೊರುವುದು ಹಳೆಯ ಕಾಲದ ಮೂಢನಂಬಿಕೆ ಎಂದು ನಕ್ಕನಂತೆ. ಬೆಲ್ಲನ ಪುಸ್ತಕ 1923ರಲ್ಲಿ ಬಂದಿತ್ತು. ಅತಿಥಿ ಅದನ್ನು ಓದಿದ್ದನೆಂದು ನನ್ನ ಊಹೆ. ಓದಿದ್ದರೂ ಅರ್ಧ ಓದಿದ್ದ. ಅವನ ಚೀಲದಲ್ಲಿ ಇದ್ದುದು ಕಡವೆಗೆ ತಕ್ಕ, ಮೂತಿ ಅರಳುವ ಗುಂಡುಗಳು.

ಗಂಡು ಕಾಟಿ ಒಂದು ಟನ್ನಿನವರೆಗೂ ತೂಗುತ್ತದೆ. ಅದರ ಭುಜದ ಮೂಳೆಯನ್ನು ದಾಟದೆ ಗುಂಡಿಗೆ ಹೃದಯದ ದಾರಿಯಿಲ್ಲ. ಗುಂಡು ಭುಜದಲ್ಲೇ ಅರಳಿ ನಿಂತಿತು. ಕಾಟಿ ಹಳುವಿಗೆ ನುಗ್ಗಿತು. ಅತಿಥಿ ಬಂಗಲೆಗೆ ಮರಳಿ ಚಹಾ ಕುಡಿದ. ರಕ್ತದ ಜಾಡು ಹಿಡಿದು ಹೋಗಲು ತೋಟದ ಆಳೊಬ್ಬನನ್ನು ಕಳಿಸಿದರು. ಜಾಡು ನೋಡುವುದರಲ್ಲಿ ಆ ಸೀಮೆಯಲ್ಲಿ ಅವನ ಸಮ ಇರಲಿಲ್ಲವಂತೆ. ಅವನ ಕೈಯಲ್ಲಿ ಇದ್ದುದು ಕತ್ತಿ. ಗಾಯಗೊಂಡ ಕಾಟಿ ಬಂದ ದಾರಿಯನ್ನೇ ಬಳಸಿ ಹಿಂದಿರುಗಿ, ಬಿದಿರ ಮೆಳೆಯ ಮರೆಯಲ್ಲಿ ಕಾದು ನಿಂತಿತ್ತು. ಸಂಜೆ ದೊರೆಯೇ .470 ಹಿಡಿದು ಹೋಗಿ, ಹತ್ತು ಮಾರು ದೂರದಲ್ಲಿ ಒಂದೇ ಗುಂಡಿಗೆ ಅದನ್ನು ಕೊಂದ. ದೀಪ ಹಿಡಿದು ಜೊತೆಗೆ ಹೋಗಿದ್ದ ಅಜ್ಜ ನೆಲಕ್ಕೆ ಬಿದ್ದ ತೋಟಾವನ್ನು ಏಕೆ ಎತ್ತಿಕೊಂಡರೋ ಅವರಿಗೂ ತಿಳಿಯದು. ಆಳನ್ನು ಕಂಬಳಿಯಲ್ಲಿ ಹೊತ್ತು ತಂದರು.

ಇವತ್ತಿಗೆ ಈ ಕೋವಿಗಳೆಲ್ಲ ನಮ್ಮ ನೆಲದಲ್ಲಿ ಮೌನವಾಗಿವೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು.

ಅಜ್ಜ ಈ ಕತೆಯನ್ನು ನನಗೆ ಹೇಳಿದ್ದು ಒಂದೇ ಸಲ. ಅವರು ಕಾಟಿಯ ಬಗ್ಗೆಯಾಗಲಿ ಕೋವಿಯ ಬಗ್ಗೆಯಾಗಲಿ ಹೆಚ್ಚು ಹೇಳಲಿಲ್ಲ. ಚೆಕ್‌ರೋಲಿನ ಬಗ್ಗೆ ಹೇಳಿದರು. ತೋಟದಲ್ಲಿ ದಿನವೂ ಆಳುಗಳ ಹಾಜರಿ ಬರೆಯುವ ಪುಸ್ತಕ ಅದು. ಮಾರನೆಯ ಬೆಳಿಗ್ಗೆ ಅದನ್ನು ತೆರೆದಾಗ ಆ ಆಳಿನ ಹೆಸರಿನ ಮುಂದೆ ಹಿಂದಿನ ದಿನದ ಮನೆ ಖಾಲಿ ಇತ್ತಂತೆ. ಜಾಡು ಹಿಡಿಯಲು ಹೋದವನಿಗೆ ಆ ದಿನದ ಹಾಜರಿ ಹಾಕಬೇಕೋ ಬೇಡವೋ ಎಂದು ಅಜ್ಜ ದೊರೆಯನ್ನು ಕೇಳಿದರು. ದೊರೆ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ನಿಂತಿದ್ದು, ಅರ್ಧ ದಿನ ಹಾಕು ಎಂದನಂತೆ. ಅಜ್ಜ ಪೂರ್ತಿ ದಿನ ಹಾಕಿದರು.