ಚುನಾವಣಾ ಪದ್ಧತಿಗಳ ಪ್ರಜಾಸತ್ತಾತ್ಮಕತೆ: ಆಳಂದ, ಅಫಜಲಪುರ, ಜೇವರ್ಗಿ

ನಿಜಾಮನ ಆಳ್ವಿಕೆಯಲ್ಲಿ ದೊರೆಯದಿದ್ದ ಸಾರ್ವತ್ರಿಕ ವಯಸ್ಕ ಮತಾಧಿಕಾರವನ್ನು 1951–52ರ ಮಹಾಚುನಾವಣೆಯಲ್ಲಿ ಮೊದಲಬಾರಿಗೆ ಚಲಾಯಿಸಿದ ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು, ಬ್ರಿಟನ್ನಿನಿಂದ ಬಂದ ಸರಳ ಬಹುಮತ ಪದ್ಧತಿಯ ಗುಣದೋಷಗಳಿಗೆ ನಿದರ್ಶನಪ್ರಾಯವಾಗಿವೆ. 2008ರಲ್ಲಿ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಕೇವಲ 70 ಮತಗಳಿಂದ ಪರಾಭವಗೊಂಡರು. 2023ರಲ್ಲಿ ಅಫಜಲಪುರದ ತ್ರಿಕೋನ ಸ್ಪರ್ಧೆಯ ವಿಜೇತರಿಗೆ ಅರ್ಧಕ್ಕಿಂತ ಕಡಮೆ ಮತಗಳೇ ಸಾಕಾದುವು. ಫ್ರಾನ್ಸಿನಲ್ಲಾದರೆ ಇಂಥಲ್ಲಿ ಎರಡನೆಯ ಸುತ್ತಿನ ಮತದಾನ ನಡೆಯುವುದು. ಜರ್ಮನಿಯಲ್ಲಿ ಪಕ್ಷಗಳಿಗೆ ಮತಪ್ರಮಾಣಾನುಸಾರ ಸ್ಥಾನಗಳು ಲಭಿಸುವುವು. ಆದರೆ ಯಾವ ಪದ್ಧತಿಗಾದರೂ ಮತದಾರರ ಪಟ್ಟಿಯ ಶುದ್ಧಿಯೇ ಅಡಿಗಲ್ಲು: ಆಳಂದದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರುಗಳನ್ನು ಅಳಿಸುವಂತೆ ಕೋರಿ ಸಲ್ಲಿಕೆಯಾಗಿದ್ದ 6,018 ಆನ್‌ಲೈನ್ ಅರ್ಜಿಗಳಲ್ಲಿ, ಪರಿಶೀಲನಾನಂತರ ಸಾಧುವೆನಿಸಿದವು 24 ಮಾತ್ರ, ಉಳಿದವು ತಿರಸ್ಕೃತವಾದುವು.