ಬೋರ್ಸ್ಟಲ್ ಪದ್ಧತಿಯೂ ಬಿಡುಗಡೆಯಾದ ತರುಣರೂ

ಅಪರಾಧಿಯನ್ನು ಸೆರೆಯಲ್ಲಿಡುವುದಕ್ಕೆ ಗೋಡೆ, ಬೀಗ, ಕಾವಲುಗಾರ ಇಷ್ಟಿದ್ದರೆ ಸಾಕು. ಸೆರೆಯಿಂದ ಹೊರಬಂದ ತರುಣನನ್ನು ಮತ್ತೆ ಜನರ ನಡುವೆ ನೆಲೆಗೊಳಿಸುವುದಕ್ಕಾದರೋ ಇವಾವುವೂ ಒದಗಲಾರವು. ಅಲ್ಲಿ ಬೇಕಾಗುವುದು ತಂಗುವುದಕ್ಕೊಂದು ಸೂರು, ಕೆಲಸ ಕೊಡುವ ಯಜಮಾನ, ಹಳೆಯದನ್ನು ಎತ್ತಿ ಆಡದ ನೆರೆಹೊರೆ. ಈ ಸರಳವಾದ ಸತ್ಯವು ಶಾಸನದಲ್ಲಿ ಸ್ಥಾನ ಪಡೆದ ಬಗೆಯನ್ನು ಇಂಗ್ಲೆಂಡಿನ ಬೋರ್ಸ್ಟಲ್ ಪದ್ಧತಿಯ ಚರಿತ್ರೆಯಲ್ಲಿ ಕಾಣಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ದೇಶದ ಸೆರೆಮನೆಗಳು ಕಠೋರವಾದ ಏಕರೂಪತೆಗೆ ಹೆಸರಾಗಿದ್ದುವು. ಹದಿನಾರು ದಾಟಿದ ಹುಡುಗನಿಗೂ ಪಳಗಿದ ಕಳ್ಳನಿಗೂ ಬಹುಮಟ್ಟಿಗೆ ಒಂದೇ ಕಟ್ಟುಪಾಡು. 1895ರಲ್ಲಿ ಹರ್ಬರ್ಟ್ ಗ್ಲ್ಯಾಡ್‌ಸ್ಟನ್ನನ ಅಧ್ಯಕ್ಷತೆಯ ಸಮಿತಿಯು ಈ ಕ್ರಮವನ್ನು ಖಂಡಿಸಿ, ಚಾಳಿಬಿದ್ದ ಅಪರಾಧಿಗಳು ರೂಪುಗೊಳ್ಳುವುದು 16ರಿಂದ 21ರ ವಯಸ್ಸಿನಲ್ಲಿಯೇ ಎಂದು ಎತ್ತಿ ತೋರಿಸಿತು. ಅದೇ ವರ್ಷ ಸೆರೆಮನೆ ಆಯೋಗದ ಅಧ್ಯಕ್ಷನಾದ ಇವೆಲಿನ್ ರಗಲ್ಸ್-ಬ್ರೈಸನು 1897ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಸುಧಾರಣಾಲಯವನ್ನು ನೋಡಿ ಬಂದನು. ಬೆಡ್‌ಫರ್ಡ್ ಸೆರೆಮನೆಯಲ್ಲಿ ಆರಂಭವಾದ ಪ್ರಯೋಗವು 1902ರ ಹೊತ್ತಿಗೆ ಕೆಂಟ್ ಪ್ರಾಂತದ ರೋಚೆಸ್ಟರ್ ಬಳಿಯ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ ನೆಲೆಯೂರಿತು. ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಯಿತು.

ಕಸುಬು, ಓದು, ಅಂಗಸಾಧನೆ, ಶಿಸ್ತು ಇವು ಆ ಶಿಕ್ಷಣದ ಅಂಗಗಳು. ಆದರೆ ಒಳಗಿನ ಶಿಕ್ಷಣವು ಬಾಗಿಲಲ್ಲಿಯೇ ಮುಗಿದರೆ ವ್ಯರ್ಥವೆಂಬುದನ್ನು ರಗಲ್ಸ್-ಬ್ರೈಸನು ಮೊದಲಿನಿಂದಲೂ ಅರಿತಿದ್ದನು. ಬಿಡುಗಡೆಯಾದವರಿಗೆ ನೆರವಾಗಲು ಆತನು ಕೂಡಿಸಿದ ಸ್ವಯಂಸೇವಕರ ಗುಂಪೇ ಮುಂದೆ ಬೋರ್ಸ್ಟಲ್ ಸಂಘವಾಗಿ ಬೆಳೆಯಿತು. ಹುಡುಗನಿಗೆ ವಸತಿಯನ್ನೂ ಕೆಲಸವನ್ನೂ ಹುಡುಕುವುದು, ಅವನು ದಾರಿ ತಪ್ಪದಂತೆ ನೋಡಿಕೊಳ್ಳುವುದು ಸಂಘದ ಹೊಣೆಯಾಯಿತು.

1908ರ ಅಪರಾಧ ನಿವಾರಣಾ ಶಾಸನವು ಈ ಏರ್ಪಾಟಿಗೆ ಕಾನೂನಿನ ಬಲವನ್ನು ಕೊಟ್ಟಿತು. ಶಿಕ್ಷೆಯ ಅವಧಿ ಒಂದರಿಂದ ಮೂರು ವರ್ಷ. ಆರು ತಿಂಗಳು ಕಳೆದ ಹುಡುಗನನ್ನೂ ಮೂರು ತಿಂಗಳು ಕಳೆದ ಹುಡುಗಿಯನ್ನೂ, ನಡತೆ ಒಳ್ಳೆಯದಾಗಿದ್ದರೆ, ಒಬ್ಬ ವ್ಯಕ್ತಿಯ ಅಥವಾ ಸಂಘದ ಮೇಲ್ವಿಚಾರಣೆಗೆ ಒಪ್ಪಿಸಿ ಅನುಮತಿಪತ್ರದ ಮೇಲೆ ಹೊರಗೆ ಬಿಡಬಹುದಾಗಿತ್ತು. ಷರತ್ತನ್ನು ಮೀರಿದವನನ್ನು ಮರಳಿ ಕರೆಸುವ ಅಧಿಕಾರವೂ ಇದ್ದಿತು. ಅವಧಿ ತೀರಿದ ಮೇಲೆಯೂ ಆರು ತಿಂಗಳು ಮೇಲ್ವಿಚಾರಣೆ ಮುಂದುವರಿಯುತ್ತಿತ್ತು. 1914ರಲ್ಲಿ ಅದನ್ನು ಒಂದು ವರ್ಷಕ್ಕೆ ಏರಿಸಲಾಯಿತು. ಹೀಗೆ ಬಿಡುಗಡೆಯು ಒಂದು ದಿನದ ಘಟನೆಯಾಗಿರದೆ, ಮೆಟ್ಟಲು ಮೆಟ್ಟಲಾಗಿ ಇಳಿಯುವ ದಾರಿಯಾಯಿತು.

1922ರಲ್ಲಿ ಆಯೋಗವನ್ನು ಸೇರಿದ ಅಲೆಕ್ಸಾಂಡರ್ ಪ್ಯಾಟರ್ಸನ್ನನು ಇನ್ನೂ ಮುಂದೆ ಹೋದನು. ಬಂಧನದಲ್ಲಿಟ್ಟು ಸ್ವಾತಂತ್ರ್ಯವನ್ನು ಕಲಿಸಲಾಗದೆಂಬುದು ಆತನ ನಂಬಿಕೆ. 1930ರ ಮೇ ತಿಂಗಳಲ್ಲಿ ಲೆವೆಲಿನ್ ಎಂಬ ಅಧಿಕಾರಿಯು ಹುಡುಗರ ತಂಡವೊಂದನ್ನು ಲಂಡನ್ನಿನ ಬಳಿಯ ಫೆಲ್ಥಮ್ಮಿನಿಂದ ನಾಟಿಂಗ್‌ಹ್ಯಾಮ್ ಸೀಮೆಯ ಲೌಡಮ್ ಗ್ರೇಂಜಿನವರೆಗೆ ಕಾಲುನಡಿಗೆಯಲ್ಲಿ ಕರೆದೊಯ್ದನು. ಹುಡುಗರು ಅಲ್ಲಿ ಡೇರೆಗಳಲ್ಲಿ ತಂಗಿ, ಸುತ್ತುಗೋಡೆಯಿಲ್ಲದ ಸಂಸ್ಥೆಯೊಂದನ್ನು ತಾವೇ ಕಟ್ಟತೊಡಗಿದರು. ಓಡಿಹೋಗಲು ದಾರಿ ತೆರೆದಿರುವಾಗ ನಿಂತು ದುಡಿಯುವುದೇ ಅವರಿಗೆ ಮೊದಲ ಪಾಠವಾಯಿತು.

ಪದ್ಧತಿಯಲ್ಲಿ ಕುಂದಿರಲಿಲ್ಲವೆಂದಲ್ಲ. ನೆರವಿಗೆಂದು ಹುಟ್ಟಿದ ಹೆಸರೇ ಕಳಂಕವಾಯಿತು; ಬೋರ್ಸ್ಟಲಿನಿಂದ ಬಂದವನೆಂದರೆ ಜನರು ಸಂಶಯದಿಂದ ನೋಡತೊಡಗಿದರು. ಎರಡನೆಯ ಮಹಾಯುದ್ಧದ ತರುವಾಯ ಮತ್ತೆ ಅಪರಾಧಕ್ಕಿಳಿದವರ ಪ್ರಮಾಣವು ಏರುತ್ತ ಹೋಗಿ, 1982ರ ಶಾಸನವು ಈ ಪದ್ಧತಿಯನ್ನೇ ತೆಗೆದುಹಾಕಿತು.

ಅಷ್ಟರಲ್ಲಿ ಇದರ ಕೊಂಬೆಯೊಂದು ನಮ್ಮ ನಾಡಿನಲ್ಲಿಯೂ ಬೇರುಬಿಟ್ಟಿತ್ತು. ಮದರಾಸು ಪ್ರಾಂತದ ಶಾಸನವು ತಂಜಾವೂರಿನ ಶಾಲೆಗೂ, ಮುಂಬಯಿ ಪ್ರಾಂತದ 1929ರ ಶಾಸನವು ಧಾರವಾಡದ ಶಾಲೆಗೂ ಆಧಾರವಾದುವು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಇಲ್ಲಿ 1963ರಲ್ಲಿ ಪ್ರತ್ಯೇಕ ಶಾಸನವಾಯಿತು. 2015ರ ಬಾಲನ್ಯಾಯ ಕಾಯಿದೆಯು 18 ತುಂಬಿ ಪಾಲನಾ ಸಂಸ್ಥೆಯನ್ನು ಬಿಡುವವರಿಗೆ ಧನಸಹಾಯ ನೀಡಲು ಅವಕಾಶವಿತ್ತಿದೆ. ಬಾಲ್ಯದ ತಪ್ಪು ಮುಂದಿನ ಜೀವನಕ್ಕೆ ಅನರ್ಹತೆಯಾಗಬಾರದೆಂದು, ಕೆಲವು ಘೋರ ಅಪರಾಧಗಳ ಹೊರತು, ವಿಧಿಸಿದೆ.

ಕಾಯಿದೆಯು ಕಡತದಲ್ಲಿಯ ಹೆಸರನ್ನು ಅಳಿಸಬಲ್ಲುದು; ನೆರೆಯವರ ನಾಲಗೆಯಿಂದ ಅಳಿಸಲಾರದು. ಸೆರೆಮನೆಯ ಬಾಗಿಲನ್ನು ತೆರೆಯುವುದು ಸರಕಾರದ ಕೆಲಸ. ಅದರಾಚೆಗಿರುವ ಮನೆಯ, ಅಂಗಡಿಯ, ಕಾರ್ಖಾನೆಯ ಬಾಗಿಲುಗಳನ್ನು ಊರಿನವರೇ ತೆರೆಯಬೇಕು. ಅವು ಮುಚ್ಚಿಯೇ ಇದ್ದರೆ, ಹೊರಬಂದ ಹುಡುಗನಿಗೆ ಪರಿಚಯದ ಬಾಗಿಲು ಒಂದೇ ಉಳಿಯುತ್ತದೆ. ಅದು ಅವನು ಬಿಟ್ಟು ಬಂದ ಬಾಗಿಲು.